ಸೇಡಂ ಸೀಮೆಯ ಪೆಟ್‌ಕೋಕ್‌ನಲ್ಲಿ ವನೇಡಿಯಂ ಎಷ್ಟು? ಇಂಧನದ ಲೋಹ ಅಳೆಯುವ ದಾರಿ, ಅಳತೆ ದಾರಿ ತಪ್ಪುವ ಜಾಗಗಳು

ಸೇಡಂ, ಮಳಖೇಡ, ವಾಡಿ, ಶಹಾಬಾದ್. ಕಾಗಿಣಾ ನದಿಯ ಆಚೀಚೆಯ ಈ ಸುಣ್ಣಕಲ್ಲಿನ ಪಟ್ಟಿ ಕಲಬುರಗಿ ಜಿಲ್ಲೆಯ ಸಿಮೆಂಟ್ ಪಟ್ಟಿಯೂ ಹೌದು. ದೇಶದ ಸಿಮೆಂಟ್ ಕಿಲ್ನ್‌ಗಳ (ಸುಣ್ಣಕಲ್ಲು ಸುಡುವ ಗೂಡುಗಳ) ಮುಖ್ಯ ಇಂಧನಗಳಲ್ಲಿ ಪೆಟ್‌ಕೋಕ್, ಅಂದರೆ ಕಚ್ಚಾತೈಲ ಸಂಸ್ಕರಿಸಿದ ಮೇಲೆ ತಳದಲ್ಲಿ ಉಳಿಯುವ ಇಂಗಾಲದ ಗಟ್ಟಿ, ಒಂದು. 2018ರಲ್ಲಿ ಕೇಂದ್ರ ಸರ್ಕಾರ ಪೆಟ್‌ಕೋಕ್ ಆಮದಿಗೆ ಕಡಿವಾಣ ಹಾಕಿದಾಗಲೂ ಸಿಮೆಂಟ್ ಉದ್ಯಮಕ್ಕೆ ಅವಕಾಶ ಉಳಿಸಿತು. ಪೆಟ್‌ಕೋಕ್‌ನ ಗಂಧಕವನ್ನು ಕಿಲ್ನ್‌ನೊಳಗಿನ ಸುಣ್ಣ ಹೀರಿಕೊಳ್ಳುತ್ತದೆ ಎಂಬುದು ಅದಕ್ಕೆ ಕಾರಣ. ಗಂಧಕದ ಲೆಕ್ಕ ಹೀಗೆ ಎಲ್ಲರ ಬಾಯಲ್ಲಿದೆ. ಲೋಹದ ಲೆಕ್ಕವನ್ನು ಅಷ್ಟೇ ನಿಖರವಾಗಿ ಇಡುವವರು ಕಡಿಮೆ.

ಕಚ್ಚಾತೈಲದಲ್ಲಿರುವ ವನೇಡಿಯಂ ಮತ್ತು ನಿಕಲ್‌ನ ಬಹುಪಾಲು ಪಾರ್ಫಿರಿನ್‌ನಂಥ ಭಾರವಾದ ಅಣುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಈ ಅಣುಗಳು ಸುಲಭವಾಗಿ ಆವಿಯಾಗುವುದಿಲ್ಲ. ರಿಫೈನರಿಯಲ್ಲಿ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಮೇಲೇರಿ ಹೋದಂತೆ ಲೋಹ ತಳದಲ್ಲೇ ಉಳಿದು, ಕೊನೆಗೆ ಕೋಕ್‌ನಲ್ಲಿ ಸಾಂದ್ರವಾಗುತ್ತದೆ. ಕಚ್ಚಾತೈಲ ಯಾವುದು ಎಂಬುದರ ಮೇಲೆ ಪೆಟ್‌ಕೋಕ್‌ನ ವನೇಡಿಯಂ ಕಿಲೋಗೆ ಕೆಲವು ನೂರು ಮಿಲಿಗ್ರಾಂನಿಂದ ಸಾವಿರ ದಾಟುವವರೆಗೂ ಇರಬಹುದು.

ಇದರಿಂದ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ದಿನಕ್ಕೆ 5,000 ಟನ್ ಕ್ಲಿಂಕರ್ (ಅರೆದು ಸಿಮೆಂಟ್ ಮಾಡುವ ಸುಟ್ಟ ಗಟ್ಟಿ) ತೆಗೆಯುವ ಒಂದು ಕಿಲ್ನ್ ಇದೆ ಎನ್ನಿ. ಕಿಲೋ ಕ್ಲಿಂಕರ್‌ಗೆ 730 ಕಿಲೋಕ್ಯಾಲರಿ ಶಾಖ, ಕಿಲೋ ಪೆಟ್‌ಕೋಕ್‌ಗೆ 8,000 ಕಿಲೋಕ್ಯಾಲರಿ ಎಂದು ಹಿಡಿದರೆ ದಿನಕ್ಕೆ ಸುಮಾರು 455 ಟನ್ ಪೆಟ್‌ಕೋಕ್ ಬೇಕು. ವನೇಡಿಯಂ ಕಿಲೋಗೆ 1,000 ಮಿಲಿಗ್ರಾಂ ಇದ್ದರೆ ದಿನಕ್ಕೆ 455 ಕಿಲೋ ವನೇಡಿಯಂ ಕಿಲ್ನ್ ಒಳಗೆ ಹೋಗುತ್ತದೆ. ಅದರ ಬಹುಪಾಲು ಕ್ಲಿಂಕರ್‌ನಲ್ಲೇ ಕೂತುಬಿಡುತ್ತದೆ. ಅಂದರೆ ಕ್ಲಿಂಕರ್‌ನ ಕಿಲೋಗೆ 91 ಮಿಲಿಗ್ರಾಂ. ಇನ್ನು ಚಿಮಣಿಯ ಕಡೆ ಬನ್ನಿ. ತ್ಯಾಜ್ಯವನ್ನೂ ಜೊತೆಗೆ ಉರಿಸುವ ಸಿಮೆಂಟ್ ಕಾರ್ಖಾನೆಗಳಿಗೆ 2016ರಲ್ಲಿ ಬಂದ ಮಾನದಂಡದಲ್ಲಿ ಆಂಟಿಮನಿ, ಆರ್ಸೆನಿಕ್, ಸೀಸ, ಕೋಬಾಲ್ಟ್, ಕ್ರೋಮಿಯಂ, ತಾಮ್ರ, ಮ್ಯಾಂಗನೀಸ್, ನಿಕಲ್, ವನೇಡಿಯಂ ಒಂಬತ್ತೂ ಸೇರಿ ಘನಮೀಟರ್ ಹೊಗೆಗೆ 0.5 ಮಿಲಿಗ್ರಾಂ ದಾಟುವಂತಿಲ್ಲ. ಕಿಲೋ ಕ್ಲಿಂಕರ್‌ಗೆ ಸುಮಾರು 2 ಘನಮೀಟರ್ ಹೊಗೆ ಎಂದು ಹಿಡಿದರೆ ದಿನಕ್ಕೆ ಒಂದು ಕೋಟಿ ಘನಮೀಟರ್. ಹಾಗಾದರೆ ಒಂಬತ್ತು ಲೋಹಗಳಿಗೂ ಸೇರಿ ಸಿಗುವ ಅವಕಾಶ ದಿನಕ್ಕೆ 5 ಕಿಲೋ. ಒಳಹೋದ ವನೇಡಿಯಂನಲ್ಲಿ ಶೇ 1ರಷ್ಟು ಧೂಳಿನ ಜೊತೆ ಹೊರಬಿದ್ದರೂ ಆ 5 ಕಿಲೋದಲ್ಲಿ ನಾಲ್ಕೂವರೆ ಕಿಲೋ ಅದೇ ತಿಂದುಬಿಡುತ್ತದೆ. ಧೂಳು ಸೋಸುವ ಬ್ಯಾಗ್‌ಹೌಸ್ ಚೆನ್ನಾಗಿ ನಡೆಯುತ್ತಿದ್ದರೆ ಅಷ್ಟು ಹೊರಬೀಳುವುದಿಲ್ಲ, ನಿಜ. ಆದರೆ ಒಳಗೆ ಎಷ್ಟು ಹೋಯಿತು ಎಂಬ ಅಂಕಿಯೇ ಶೇ 20 ತಪ್ಪಾಗಿದ್ದರೆ ಹೊರಗಿನ ಯಾವ ಲೆಕ್ಕವೂ ನಿಲ್ಲದು.

ಹಾಗಾಗಿ ಅಳತೆ ಸರಿಯಾಗಬೇಕು. ಆದರೆ ಅಳತೆ ಎಂದೊಡನೆ ದುಬಾರಿ ಉಪಕರಣದ ಹೆಸರು ಹೇಳುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಐಸಿಪಿ-ಎಂಎಸ್ ಎಂಬ ಉಪಕರಣದಲ್ಲಿ ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾ ಮಾದರಿಯನ್ನು ಪರಮಾಣುಗಳಾಗಿ ಒಡೆದು ಅಯಾನು (ವಿದ್ಯುದಾವೇಶದ ಕಣ) ಮಾಡುತ್ತದೆ. ಹಿಂದಿರುವ ಮಾಸ್ ಸ್ಪೆಕ್ಟ್ರೊಮೀಟರ್ ಅವನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ಅಮೆರಿಕದ ಏಮ್ಸ್ ಪ್ರಯೋಗಾಲಯದಲ್ಲಿ ಹೌಕ್ ಮತ್ತು ಫ್ಯಾಸೆಲ್ ತಂಡ 1980ರಲ್ಲಿ ಇದನ್ನು ತೋರಿಸಿಕೊಟ್ಟಿತು. 1983ರಲ್ಲಿ ಮಾರುಕಟ್ಟೆಗೆ ಬಂತು. ಒಂದು ಪಿಪಿಬಿಗಿಂತ, ಅಂದರೆ ಕಿಲೋಗೆ ಒಂದು ಮೈಕ್ರೊಗ್ರಾಂಗಿಂತ, ಕಡಿಮೆ ಲೋಹವನ್ನೂ ಅದು ಕಾಣಬಲ್ಲದು. ಪೆಟ್‌ಕೋಕ್‌ನ ಸಾವಿರ ಪಿಪಿಎಂ (ಕಿಲೋಗೆ ಸಾವಿರ ಮಿಲಿಗ್ರಾಂ) ವನೇಡಿಯಂಗೆ ಅಷ್ಟು ಸೂಕ್ಷ್ಮತೆ ಬೇಕಿಲ್ಲ. ಅಂಥದೇ ಪ್ಲಾಸ್ಮಾದಿಂದ ಹೊರಡುವ ಬೆಳಕನ್ನು ಅಳೆಯುವ ಐಸಿಪಿ-ಒಇಎಸ್ ಸಾಕು. ಮಾದರಿಯನ್ನು ಹತ್ತಾರು ಸಾವಿರ ಪಟ್ಟು ತೆಳುಮಾಡಿ ಐಸಿಪಿ-ಎಂಎಸ್‌ಗೆ ಕೊಟ್ಟರೆ ತೆಳುಮಾಡುವಾಗಿನ ತಪ್ಪೇ ಸೇರಿಕೊಳ್ಳುತ್ತದೆ. ವಿಮಾನ ಇಂಧನದ ತಾಮ್ರ, ನ್ಯಾಫ್ತಾದ ಆರ್ಸೆನಿಕ್ ಮತ್ತು ಪಾದರಸ, ಡೀಸೆಲ್‌ನ ಸಿಲಿಕಾನ್, ಕೋಕ್‌ನಲ್ಲೇ ತೀರಾ ಕಡಿಮೆ ಇರುವ ಕ್ಯಾಡ್ಮಿಯಂ, ಥ್ಯಾಲಿಯಂ: ಐಸಿಪಿ-ಎಂಎಸ್‌ನ ಜಾಗ ಇಲ್ಲಿ.

ಪೆಟ್‌ಕೋಕ್‌ನಲ್ಲಿ ತಪ್ಪು ಶುರುವಾಗುವುದು ಪುಡಿ ಮಾಡುವಲ್ಲಿ. ಇದು ಗಟ್ಟಿ ವಸ್ತು. ಉಕ್ಕಿನ ಗಿರಣಿಯಲ್ಲಿ ಅರೆದರೆ ಕಬ್ಬಿಣ, ಕ್ರೋಮಿಯಂ, ನಿಕಲ್ ಗಿರಣಿಯಿಂದಲೇ ಬರುತ್ತವೆ. ಟಂಗ್‌ಸ್ಟನ್ ಕಾರ್ಬೈಡ್ ಗಿರಣಿ ಕೋಬಾಲ್ಟ್ ಸೇರಿಸುತ್ತದೆ. ಅಗೇಟ್ ಅಥವಾ ಜಿರ್ಕೋನಿಯಾ ಗಿರಣಿ ಒಳ್ಳೆಯದು. ಮುಂದೆ ಬೂದಿ ಮಾಡುವ ಹಂತ. ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಡಿ5600 ವಿಧಾನ ಕೋಕನ್ನು 700 ಡಿಗ್ರಿಯಲ್ಲಿ ಬೂದಿ ಮಾಡಿ, ಬೂದಿಯನ್ನು ಲಿಥಿಯಂ ಬೋರೇಟ್ ಜೊತೆ ಕರಗಿಸಿ, ಆಮ್ಲದಲ್ಲಿ ಕದಡಿ ಐಸಿಪಿಗೆ ಕೊಡುತ್ತದೆ. ಪೆಟ್‌ಕೋಕ್‌ನ ಬೂದಿ ಬಹಳ ಕಡಿಮೆ. ಬೂದಿ ಶೇ 0.4, ವನೇಡಿಯಂ 1,000 ಪಿಪಿಎಂ ಇದ್ದರೆ ಆ ಬೂದಿಯಲ್ಲಿ ಶೇ 45ರಷ್ಟು ವನೇಡಿಯಂ ಪೆಂಟಾಕ್ಸೈಡೇ ಇರುತ್ತದೆ. 5 ಗ್ರಾಂ ಕೋಕ್ ಸುಟ್ಟರೆ ಸಿಗುವುದು 20 ಮಿಲಿಗ್ರಾಂ ಬೂದಿ. ಒಂದು ಮಿಲಿಗ್ರಾಂ ತಟ್ಟೆಗೆ ಅಂಟಿ ಉಳಿದರೆ ಶೇ 5 ಹೋಯಿತು. ಅಲ್ಲದೆ ವನೇಡಿಯಂ ಪೆಂಟಾಕ್ಸೈಡ್ 690 ಡಿಗ್ರಿಗೇ ಕರಗುತ್ತದೆ, ಸೋಡಿಯಂ ಜೊತೆ ಸೇರಿದರೆ ಅದಕ್ಕೂ ಮೊದಲೇ. ಕುಲುಮೆಯ ತೋರುಗಡ್ಡಿ 700 ಎಂದರೂ ಹಿಂಬದಿ 740 ಇರುವುದುಂಟು. ಹಾಗಾಗಿ ಕುಲುಮೆಯೊಳಗೆ ಬೇರೊಂದು ಥರ್ಮೋಕಪಲ್ ಇಟ್ಟು ನೋಡಬೇಕು, ಬಿಸಿಯನ್ನು ನಿಧಾನವಾಗಿ ಏರಿಸಬೇಕು, ಬೂದಿಯನ್ನು ಬೇರೆ ಪಾತ್ರೆಗೆ ಸುರಿಯದೆ ಅದೇ ಪಾತ್ರೆಯಲ್ಲಿ ಕರಗಿಸಬೇಕು.

ಬೋರೇಟ್ ದ್ರಾವಣವನ್ನು ಹಾಗೇ ಐಸಿಪಿ-ಎಂಎಸ್‌ಗೆ ಹಾಕಿದರೆ ಪ್ಲಾಸ್ಮಾದಿಂದ ಅಯಾನುಗಳನ್ನು ಒಳಗೆ ಬಿಡುವ ಕೋನ್‌ಗಳ ಸಣ್ಣ ತೂತಿಗೆ ಉಪ್ಪು ಕಟ್ಟುತ್ತದೆ. ಕರಗಿದ ಘನ ಒಟ್ಟು ಶೇ 0.2ರೊಳಗೆ ಇರಬೇಕು ಎಂಬುದು ಹಳೆಯ ಕಟ್ಟು. ಪಾದರಸ, ಆರ್ಸೆನಿಕ್, ಸೆಲೆನಿಯಂ ಬೇಕಾದರೆ ಬೂದಿಯ ದಾರಿಯೇ ಬೇಡ, ಅವು ಕುಲುಮೆಯಲ್ಲಿ ಹಾರಿಹೋಗುತ್ತವೆ. ಅವಕ್ಕೆ ಮುಚ್ಚಿದ ಮೈಕ್ರೊವೇವ್ ಪಾತ್ರೆ ಸರಿ: 0.2 ಗ್ರಾಂ ಮಾದರಿ, 8 ಮಿಲಿಲೀಟರ್ ನೈಟ್ರಿಕ್ ಆಮ್ಲ, 1 ಮಿಲಿಲೀಟರ್ ಹೈಡ್ರೋಜನ್ ಪೆರಾಕ್ಸೈಡ್, 220 ಡಿಗ್ರಿಯ ಆಸುಪಾಸು, ಕನಿಷ್ಠ 20 ನಿಮಿಷ. ಮುಚ್ಚುವ ಮುನ್ನ ಆಮ್ಲದಲ್ಲಿ ಅರ್ಧ ಗಂಟೆ ತೆರೆದೇ ಬಿಟ್ಟರೆ ಮೊದಲ ಅನಿಲ ಹೊರಬಿದ್ದು ಒತ್ತಡ ಹತೋಟಿಯಲ್ಲಿರುತ್ತದೆ. ಗಟ್ಟಿ ಕೋಕ್ ಇಷ್ಟರಲ್ಲಿ ಪೂರ್ತಿ ಕರಗದಿದ್ದರೆ ಕಪ್ಪು ಕಣ ತಳದಲ್ಲಿ ಕಾಣುತ್ತದೆ. ಅದನ್ನು ಸೋಸಿ ಬಿಸಾಡಿ ಮುಂದುವರಿಯುವುದು ಸರಿಯಲ್ಲ. ಇನ್ನಷ್ಟು ಸಣ್ಣಗೆ ಅರೆದು ಮತ್ತೆ ಮಾಡಬೇಕು. ಹೈಡ್ರೋಕ್ಲೋರಿಕ್ ಆಮ್ಲ ಸೇರಿಸುವ ಮುನ್ನ ಯೋಚಿಸಿ. ಕ್ಲೋರಿನ್ 35 ಮತ್ತು ಆಮ್ಲಜನಕ 16 ಸೇರಿ 51 ಆಗುತ್ತದೆ. ವನೇಡಿಯಂನ ತೂಕವೂ 51, ಉಪಕರಣಕ್ಕೆ ಎರಡೂ ಒಂದೇ. ಆರ್ಗಾನ್ 40 ಮತ್ತು ಕ್ಲೋರಿನ್ 35 ಸೇರಿ 75. ಆರ್ಸೆನಿಕ್ ಇರುವುದೂ ಅಲ್ಲೇ.

ದ್ರವ ಇಂಧನಕ್ಕೆ ಬಂದರೆ ಕೆಲಸವೇ ಬೇರೆ. ಡೀಸೆಲ್ ಅಥವಾ ವಿಮಾನ ಇಂಧನವನ್ನು ಸುಡುವ ಬದಲು ಜೈಲೀನ್ ಅಥವಾ ಶುದ್ಧ ಸೀಮೆಎಣ್ಣೆಯಲ್ಲಿ ತೆಳುಮಾಡಿ ನೇರವಾಗಿ ಪ್ಲಾಸ್ಮಾಗೆ ಕೊಡುವುದು ವಾಡಿಕೆ. ಎಎಸ್‌ಟಿಎಂ ಡಿ8110 ಈ ದಾರಿಯದ್ದೇ. 1 ಗ್ರಾಂ ಮಾದರಿಗೆ 9 ಗ್ರಾಂ ಜೈಲೀನ್, ತೂಗಿಯೇ ಹಾಕಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದು ಪ್ರಯೋಗಾಲಯದೊಳಗೆ 25 ಇದ್ದರೆ, ಹೊರಗಿಂದ ಬಂದ ಬಾಟಲಿಯ ದ್ರವ ಶೇ 1.5ರ ಆಸುಪಾಸು ಹಿಗ್ಗಿರುತ್ತದೆ. ಪಿಪೆಟ್‌ನಲ್ಲಿ ಅಳೆದರೆ ಅಷ್ಟು ತಪ್ಪು ಕೈಯಲ್ಲೇ ಬಂತು. ಜೈಲೀನ್ ಮಾಮೂಲಿ ಪಿವಿಸಿ ಪಂಪ್ ಕೊಳವೆಯನ್ನು ಕೆಡಿಸುತ್ತದೆ. ವಿಟಾನ್ ಕೊಳವೆ ಹಾಕಿ, ಇಲ್ಲವೇ ಪಂಪ್ ಬಿಟ್ಟು, ದ್ರವವನ್ನು ತುಂತುರು ಮಾಡುವ ನೆಬ್ಯುಲೈಸರ್ ತಾನೇ ಎಳೆದುಕೊಳ್ಳುವಂತೆ ಮಾಡಿ.

ಸಾವಯವ ದ್ರವದ ಆವಿ ಪ್ಲಾಸ್ಮಾಗೆ ಹೆಚ್ಚಾದರೆ ಅದು ನಡುಗಿ ಆರಿಹೋಗುತ್ತದೆ. ಅದನ್ನು ತಡೆಯಲು ಸ್ಪ್ರೇ ಚೇಂಬರ್ ಅನ್ನು (ದೊಡ್ಡ ಹನಿಯನ್ನು ಚರಂಡಿಗೆ ಬಿಟ್ಟು ಸಣ್ಣ ಹನಿಯನ್ನು ಮುಂದೆ ಕಳಿಸುವ ಕೋಣೆ) ಜೈಲೀನ್‌ಗೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ, ಪೆಟ್ರೋಲ್ ಮತ್ತು ನ್ಯಾಫ್ತಾಗೆ 10ರಿಂದ 20 ಡಿಗ್ರಿ ಕೆಳಗೆ ಇಡುತ್ತಾರೆ. ಪ್ಲಾಸ್ಮಾ ಉರಿಯುವ ಟಾರ್ಚ್‌ನ ನಡುಗೊಳವೆ ನೀರಿನ ಮಾದರಿಗೆ 2.5 ಮಿಲಿಮೀಟರ್ ಇದ್ದರೆ ಇಲ್ಲಿ 1 ಅಥವಾ 1.5. ಶಕ್ತಿ 1,550 ವ್ಯಾಟ್ ಆಸುಪಾಸು. ಇಷ್ಟಾದರೂ ಇಂಗಾಲ ಮಸಿಯಾಗಿ ಕೋನ್ ಮೇಲೆ ಕೂರುತ್ತದೆ. ಅದನ್ನು ಸುಟ್ಟುಹಾಕಲು ಆಮ್ಲಜನಕ ಬೇಕು: ಶೇ 20 ಆಮ್ಲಜನಕ, ಉಳಿದದ್ದು ಆರ್ಗಾನ್ ಇರುವ ಸಿದ್ಧ ಮಿಶ್ರಣದ ಸಿಲಿಂಡರ್ ಬಳಸುವುದು ಸುರಕ್ಷಿತ. ಎಷ್ಟು ಬಿಡಬೇಕು ಎಂಬುದನ್ನು ಪ್ಲಾಸ್ಮಾವೇ ತೋರಿಸುತ್ತದೆ. ಜೈಲೀನ್ ಒಳಬಂದಾಗ ನಡುವೆ ಹಸಿರು ನಾಲಿಗೆ ಕಾಣುತ್ತದೆ, ಅದು ಇಂಗಾಲದ ಜೋಡಿಯ ಬೆಳಕು. ಆಮ್ಲಜನಕ ಹೆಚ್ಚಿಸುತ್ತ ಹೋದರೆ ಆ ನಾಲಿಗೆ ಮೊಟಕಾಗಿ ಕೋನ್ ತಲುಪುವ ಮೊದಲೇ ಮಾಯವಾಗುತ್ತದೆ. ಅಲ್ಲಿಗೆ ಇನ್ನೊಂದು ಚೂರು ಸೇರಿಸಿ ನಿಲ್ಲಿಸಿ. ಅದಕ್ಕೂ ಹೆಚ್ಚು ಬಿಟ್ಟರೆ ಕೋನ್ ಸವೆಯುತ್ತದೆ, ಸಂಕೇತವೂ ಕುಗ್ಗುತ್ತದೆ. ನಿಕಲ್ ಕೋನ್ ಆಮ್ಲಜನಕಕ್ಕೆ ಬೇಗ ಸವೆಯುವುದರಿಂದ ಪ್ಲಾಟಿನಂ ಕೋನ್ ಬೇಕು. ನಿಕಲ್ ಅಳೆಯುವಾಗ ನಿಕಲ್ ಕೋನ್ ಇಟ್ಟುಕೊಳ್ಳುವುದು ಹೇಗೂ ಜಾಣತನವಲ್ಲ. ಕ್ರಮವೂ ಮುಖ್ಯ: ಮೊದಲು ಪ್ಲಾಸ್ಮಾ, ಅದು ನೆಲೆಗೊಂಡ ಮೇಲೆ ಆಮ್ಲಜನಕ, ಕೊನೆಗೆ ಜೈಲೀನ್. ಆರಿಸುವಾಗ ಜೈಲೀನ್ ಮೊದಲು ನಿಲ್ಲಬೇಕು, ಮಸಿ ಸುಟ್ಟುಹೋಗುವವರೆಗೆ ಆಮ್ಲಜನಕ ನಡೆಯುತ್ತಿರಬೇಕು.

ಕರೆಂಟು ಏಕಾಏಕಿ ಹೋದರೆ ಈ ಕ್ರಮ ತಲೆಕೆಳಗಾಗುತ್ತದೆ. ಸ್ಪ್ರೇ ಚೇಂಬರ್‌ನಲ್ಲಿ ಜೈಲೀನ್ ನಿಂತಿರುತ್ತದೆ, ಆ ಸ್ಥಿತಿಯಲ್ಲಿ ಪ್ಲಾಸ್ಮಾ ಹೊತ್ತುವುದಿಲ್ಲ, ಹೊತ್ತಿದರೂ ಮಸಿ ಕಟ್ಟುತ್ತದೆ. ಚೇಂಬರ್ ಪೂರ್ತಿ ಖಾಲಿ ಮಾಡಿ, ಹತ್ತು ನಿಮಿಷ ಬರೀ ಆರ್ಗಾನ್ ಹಾಯಿಸಿದ ಮೇಲೆಯೇ ಮತ್ತೆ ಹೊತ್ತಿಸಬೇಕು. ಯುಪಿಎಸ್‌ಗೆ ಉಪಕರಣವನ್ನಷ್ಟೇ ಜೋಡಿಸಿದರೆ ಸಾಲದು. ತಣ್ಣೀರಿನ ಚಿಲ್ಲರ್, ಆವಿ ಎಳೆಯುವ ಫ್ಯಾನ್ ಎರಡೂ ಅದರ ಮೇಲಿರಬೇಕು. ಆರ್ಗಾನ್ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 7 ಘನಮೀಟರ್ ಸಿಲಿಂಡರ್, ನಿಮಿಷಕ್ಕೆ ಒಟ್ಟು 18 ಲೀಟರ್ ಖರ್ಚು: ಆರೂವರೆ ಗಂಟೆಯೊಳಗೆ ಮುಗಿಯುತ್ತದೆ. ಬೆಚ್ಚಗಾಗಲು, ಮಾಪನಾಂಕಕ್ಕೆ (ಗೊತ್ತಿರುವ ಮಾನಕದಿಂದ ಉಪಕರಣ ಹೊಂದಿಸಲು) ಒಂದೂವರೆ ಗಂಟೆ ಹೋದರೆ ಮಾದರಿಗಳಿಗೆ ಉಳಿಯುವುದು ಐದೇ ಗಂಟೆ. ಎರಡು ಸಿಲಿಂಡರ್‌ಗಳನ್ನು ತಾನಾಗಿ ಬದಲಾಗುವ ಮ್ಯಾನಿಫೋಲ್ಡ್‌ಗೆ ಜೋಡಿಸದೆ ಸಂಜೆಯ ಸರಣಿ ಶುರುಮಾಡಬೇಡಿ.

ಇಂಗಾಲ ತುಂಬಿದ ಪ್ಲಾಸ್ಮಾದಲ್ಲಿ ತೂಕ ಒಂದೇ ಇರುವ ಕಳ್ಳಸಂಕೇತಗಳೂ ಹೆಚ್ಚು. ಎರಡು ಇಂಗಾಲ ಸೇರಿ 24, ಮೆಗ್ನೀಸಿಯಂ ಜಾಗ. ಆರ್ಗಾನ್ ಮತ್ತು ಇಂಗಾಲ ಸೇರಿ 52, ಕ್ರೋಮಿಯಂ ಜಾಗ. ಇಂಗಾಲ ಮತ್ತು ಆಮ್ಲಜನಕ ಸೇರಿ 28, ಸಿಲಿಕಾನ್ ಜಾಗ. ಆರ್ಗಾನ್ ಮತ್ತು ಆಮ್ಲಜನಕ ಸೇರಿ 56, ಕಬ್ಬಿಣದ ಜಾಗ. ನಾವೇ ಬಿಟ್ಟ ಆಮ್ಲಜನಕ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎರಡು ಗಂಧಕ ಸೇರಿ 64, ಸತುವಿನ ಜಾಗ. ಸಂಕೇತದ ಏರಿಳಿತ ಸರಿಪಡಿಸಲು ಎಲ್ಲ ಮಾದರಿಗೂ ಸಮನಾಗಿ ಸೇರಿಸುವ ಒಳಮಾನಕವಾಗಿ ಸ್ಕ್ಯಾಂಡಿಯಂ ಹಾಕುವ ರೂಢಿ ನೀರಿನ ವಿಶ್ಲೇಷಣೆಯಿಂದ ಬಂದದ್ದು, ಆದರೆ ಅದರ 45ರ ಮೇಲೆ ಇಂಗಾಲದ ಡೈಆಕ್ಸೈಡ್ ಮತ್ತು ಒಂದು ಹೈಡ್ರೋಜನ್ ಬಂದು ಕೂರುತ್ತವೆ. ಇಟ್ರಿಯಂ, ಇಂಡಿಯಂ ಮೇಲು. ಅಯಾನುಗಳ ಹಾದಿಯಲ್ಲಿರುವ ಡಿಕ್ಕಿ ಕೋಶಕ್ಕೆ ಹೀಲಿಯಂ ತುಂಬಿದರೆ ಈ ಜೋಡಿ ಅಯಾನುಗಳು ಗಾತ್ರದಲ್ಲಿ ದೊಡ್ಡವಾದ್ದರಿಂದ ಹೆಚ್ಚು ಸಲ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಂಡು ಹಿಂದುಳಿಯುತ್ತವೆ, ಲೋಹ ಮುಂದೆ ಸಾಗುತ್ತದೆ. ಸಿಲಿಕಾನ್, ಕ್ಯಾಲ್ಸಿಯಂಗೆ ಹೀಲಿಯಂ ಸಾಲದು, ಹೈಡ್ರೋಜನ್ ಬೇಕು. ಆರ್ಸೆನಿಕ್‌ಗೆ ಮೂರು ಹಂತದ ಉಪಕರಣವಿದ್ದರೆ ಅನುಕೂಲ: ಕೋಶದಲ್ಲಿ ಆಮ್ಲಜನಕ ಕೂಡಿಸಿ 75ರಲ್ಲಿದ್ದುದನ್ನು 91ಕ್ಕೆ ಸರಿಸಿ ಅಲ್ಲಿ ಎಣಿಸುತ್ತದೆ.

ಉಪಕರಣದಲ್ಲಿ ಎಲ್ಲ ಸರಿಯಿದ್ದೂ ಅಂಕಿ ತಪ್ಪುವ ಇನ್ನೊಂದು ಜಾಗವಿದೆ, ಇದನ್ನು ಬಲ್ಲವರು ಕಡಿಮೆ. ಮಾಪನಾಂಕಕ್ಕೆ ಬಳಸುವ ಎಣ್ಣೆ ಮಾನಕಗಳಲ್ಲಿ ಲೋಹ ಭಾರವಾದ, ಆವಿಯಾಗದ ರೂಪದಲ್ಲಿರುತ್ತದೆ. ಕೋಕರ್‌ನಲ್ಲಿ (ರಿಫೈನರಿಯ ಕೋಕ್ ಮಾಡುವ ಘಟಕ) ನೊರೆ ತಡೆಯಲು ಹಾಕುವ ಸಿಲಿಕೋನ್ ಬಿಸಿಗೆ ಒಡೆದು ಹುಟ್ಟುವ ಸಣ್ಣ ಸಿಲಾಕ್ಸೇನ್‌ಗಳು ಬೇಗ ಆವಿಯಾಗುವಂಥವು. ಮಾನಕದ ದ್ರವ ಹನಿಯಾಗಿ ಹೋಗಿ ಬಹುಪಾಲು ಚರಂಡಿ ಸೇರಿದರೆ, ಸಿಲಾಕ್ಸೇನ್ ಆವಿಯಾಗಿ ಪೂರ್ತಿ ಪ್ಲಾಸ್ಮಾ ತಲುಪುತ್ತದೆ. ಫಲಿತಾಂಶ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚು ತೋರಬಹುದು. ಪಾದರಸಕ್ಕೂ ಇದೇ ಕಥೆ. ಅಂಥಲ್ಲಿ ಮಾದರಿಯಲ್ಲಿರುವ ರೂಪಕ್ಕೆ ಹೊಂದುವ ಮಾನಕ ಬೇಕು, ಇಲ್ಲವೇ ಎಲ್ಲ ದ್ರವವೂ ಪ್ಲಾಸ್ಮಾಗೆ ಹೋಗುವ ಬಿಸಿ ಚೇಂಬರ್. ಇಷ್ಟು ಶ್ರಮ ಪಾದರಸಕ್ಕೆ ಏಕೆ ಎಂದರೆ, 1973ರಲ್ಲಿ ಅಲ್ಜೀರಿಯಾದ ಸ್ಕಿಕ್ಡಾ ಅನಿಲ ಘಟಕದ ಅಲ್ಯೂಮಿನಿಯಂ ಶಾಖವಿನಿಮಯಕ ಕೆಟ್ಟದ್ದು ಪಾದರಸದಿಂದ.

ತಾಮ್ರದ ಪ್ರಶ್ನೆ ಬೀದರ್‌ಗೆ ಹತ್ತಿರದ್ದು. ವಾಯುಪಡೆಯ ತರಬೇತಿ ನೆಲೆ ಅಲ್ಲಿದೆ, ನಾಗರಿಕ ವಿಮಾನ ನಿಲ್ದಾಣವೂ ಇದೆ. ಕಲಬುರಗಿಯ ನಿಲ್ದಾಣ 2019ರಲ್ಲಿ ತೆರೆಯಿತು. ವಿಮಾನ ಇಂಧನದಲ್ಲಿ ಕೆಲವು ಹತ್ತು ಪಿಪಿಬಿ ತಾಮ್ರ ಸಾಕು, ಬಿಸಿಯಲ್ಲಿ ಇಂಧನ ಬೇಗ ಆಕ್ಸಿಡೀಕರಣಗೊಂಡು ಅಂಟಾಗುತ್ತದೆ. ಜೆಟ್ ಎ-1ರ ಬಿಸಿತಾಳಿಕೆಯನ್ನು 260 ಡಿಗ್ರಿಯಲ್ಲಿ ಪರೀಕ್ಷಿಸುವುದು ಇದಕ್ಕೇ. ತಾಮ್ರ ಬರುವುದು ಸಾಮಾನ್ಯವಾಗಿ ಹಿತ್ತಾಳೆ, ಕಂಚಿನ ಕವಾಟಗಳಿಂದ. ಮಾದರಿ ತೆಗೆಯುವ ನಲ್ಲಿಯೇ ಹಿತ್ತಾಳೆಯದಾದರೆ ಟ್ಯಾಂಕಿನ ತಾಮ್ರವನ್ನಲ್ಲ, ನಲ್ಲಿಯ ತಾಮ್ರವನ್ನು ಅಳೆದಂತೆ. ಸ್ಟೇನ್‌ಲೆಸ್ ನಲ್ಲಿ, ಮೊದಲ ಕೆಲವು ಲೀಟರ್ ಬಿಟ್ಟು ಹಿಡಿಯುವುದು, ಪುಡಿಯಿಲ್ಲದ ನೈಟ್ರೈಲ್ ಕೈಗವಸು (ಪುಡಿ ಗವಸಿನಲ್ಲಿ ಸತು ಇರುತ್ತದೆ). ನೀರಿನ ಮಾದರಿಗೆ ಆಮ್ಲ ಹಾಕಿ ಲೋಹವನ್ನು ಹಿಡಿದಿಡಬಹುದು; ಇಂಧನಕ್ಕೆ ಆ ಅನುಕೂಲವಿಲ್ಲ. ಲೋಹ ಬಾಟಲಿಯ ಗೋಡೆಗೆ ಅಂಟುತ್ತ ಹೋಗುತ್ತದೆ. ಬೀದರ್‌ನಿಂದ ಹೈದರಾಬಾದ್‌ಗೋ ಬೆಂಗಳೂರಿಗೋ ಕಳಿಸಿ ವಾರ ಕಾದು ಅಳೆದರೆ ಆ ನಷ್ಟ ವರದಿಯಲ್ಲಿ ಕಾಣುವುದಿಲ್ಲ. ಬಾಟಲಿಯ ಆಯ್ಕೆಯೂ ಲೋಹ ನೋಡಿಯೇ: ಸೋಡಿಯಂ, ಸಿಲಿಕಾನ್, ಬೋರಾನ್‌ಗೆ ಗಾಜು ಬೇಡ, ಪಿಎಫ್‌ಎ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ ಸಾಕು, ಪಾದರಸಕ್ಕೆ ಗಾಜೇ ಬೇಕು, ಪ್ಲಾಸ್ಟಿಕ್ ಮೂಲಕ ಅದು ಸೋರಿಹೋಗುತ್ತದೆ.

ಈ ಸೀಮೆಗೇ ವಿಶೇಷವಾದ ತೊಂದರೆ ಧೂಳು. ಸುಣ್ಣಕಲ್ಲಿನ ಧೂಳಿನಲ್ಲಿ ತೂಕದ ಶೇ 40ರವರೆಗೆ ಕ್ಯಾಲ್ಸಿಯಂ. 10 ಗ್ರಾಂ ಡೀಸೆಲ್‌ಗೆ ಒಂದು ಮೈಕ್ರೊಗ್ರಾಂ ಧೂಳು ಬಿದ್ದರೆ 40 ಪಿಪಿಬಿ ಕ್ಯಾಲ್ಸಿಯಂ ಏರಿತು. ಬಯೋಡೀಸೆಲ್‌ಗೆ ಯುರೋಪಿನ ಇಎನ್ 14214 ಮಾನದಂಡ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೇರಿ ಕಿಲೋಗೆ 5 ಮಿಲಿಗ್ರಾಂ ಎನ್ನುತ್ತದೆ. 10 ಗ್ರಾಂ ಮಾದರಿಯಲ್ಲಿ ಆ ಮಿತಿ ದಾಟಿಸಲು 125 ಮೈಕ್ರೊಗ್ರಾಂ ಧೂಳು ಸಾಕು, ಕಣ್ಣಿಗೆ ಅದು ಒಂದು ಚುಕ್ಕಿ. ಪ್ರಯೋಗಾಲಯದ ನೆಲಕ್ಕೆ ಶಹಾಬಾದ್ ಫರಸಿ ಹಾಸಿರುವ ಕಟ್ಟಡಗಳು ನಮ್ಮಲ್ಲಿ ಎಷ್ಟೋ. ಅದು ಸುಣ್ಣಕಲ್ಲೇ. ಕುರ್ಚಿ ಎಳೆದರೂ ಕ್ಯಾಲ್ಸಿಯಂ ಏಳುತ್ತದೆ, ನೈಟ್ರಿಕ್ ಆಮ್ಲ ಚೆಲ್ಲಿದರೆ ನೊರೆಯುತ್ತದೆ. ಮಾದರಿ ತೆರೆಯುವ ಕೋಣೆಗೆ ಎಪಾಕ್ಸಿ ಅಥವಾ ವಿನೈಲ್ ನೆಲ, ಶೋಧಿಸಿದ ಗಾಳಿಯ ಒಂದು ಪೆಟ್ಟಿಗೆ ಮಾಡಿಸಿಕೊಳ್ಳುವುದಕ್ಕೆ ಆಗುವ ಖರ್ಚು, ಉಪಕರಣದ ಬೆಲೆಯ ಮುಂದೆ ಏನೂ ಅಲ್ಲ. ಉಪಕರಣಕ್ಕೆ ಮಂಜೂರಾತಿ ಕೇಳುವಾಗಲೇ ಇದನ್ನೂ ಸೇರಿಸಿ ಕೇಳಬೇಕು.

ಹಳೆ ಎಂಜಿನ್ ಎಣ್ಣೆಯ ಕಡೆಗೂ ಒಂದು ಮಾತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಮರುಸಂಸ್ಕರಣೆಗೆ ಹೋಗುವ ಬಳಸಿದ ಎಣ್ಣೆಗೆ ಸೀಸ 100 ಪಿಪಿಎಂ, ಆರ್ಸೆನಿಕ್ 5 ಪಿಪಿಎಂ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್ ಮೂರೂ ಸೇರಿ 500 ಪಿಪಿಎಂ ಮಿತಿ. ಇದರಲ್ಲಿ ಲೋಹ ಸವೆದ ಕಣಗಳಾಗಿಯೂ ಇರುತ್ತದೆ. ಬರೀ ಜೈಲೀನ್‌ನಲ್ಲಿ ತೆಳುಮಾಡಿದರೆ ದೊಡ್ಡ ಕಣಗಳು ತಳ ಸೇರುತ್ತವೆ ಅಥವಾ ಪ್ಲಾಸ್ಮಾದಲ್ಲಿ ಪೂರ್ತಿ ಆವಿಯಾಗುವುದಿಲ್ಲ. ಅಂಕಿ ಕಡಿಮೆ ಬರುತ್ತದೆ, ಎಣ್ಣೆ ಪಾಸಾಗುತ್ತದೆ. ಇದಕ್ಕೆ ಆಮ್ಲದಲ್ಲಿ ಜೀರ್ಣಿಸುವ ದಾರಿಯೇ ಸರಿ. ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರಿನಂಥ ಔಷಧ, ರಾಸಾಯನಿಕ ಕೈಗಾರಿಕಾ ಪ್ರದೇಶಗಳ ಬಳಸಿದ ದ್ರಾವಕ ಕಿಲ್ನ್‌ಗೆ ಇಂಧನವಾಗಿ ಬರುವುದಾದರೆ ಕ್ಲೋರಿನ್ ಮೊದಲು ನೋಡಿ. ಅದು ಹೆಚ್ಚಿದ್ದಲ್ಲಿ ಆರ್ಸೆನಿಕ್, ವನೇಡಿಯಂ ಅಂಕಿಗಳನ್ನು ಹೀಲಿಯಂ ಇಲ್ಲದೆ ನಂಬುವಂತಿಲ್ಲ. ಎಂಜಿನ್ ಎಣ್ಣೆಯ ಸತು, ಕ್ಯಾಲ್ಸಿಯಂ ನೂರಾರು, ಸಾವಿರಾರು ಪಿಪಿಎಂ ಇರುತ್ತದೆ. ಅದೇ ಕೊಳವೆಯಲ್ಲಿ ಮುಂದೆ ವಿಮಾನ ಇಂಧನ ಹಾಯಿಸಿದರೆ ಹಳೆಯ ಸತುವೇ ಹೊಸ ವರದಿಗೆ ಬರುತ್ತದೆ. ಎರಡಕ್ಕೂ ಬೇರೆ ನೆಬ್ಯುಲೈಸರ್, ಬೇರೆ ಕೊಳವೆ, ಸಾಧ್ಯವಾದರೆ ಬೇರೆ ದಿನ.

ವರದಿ ಕೈಗೆ ಬಂದಾಗ ಅಂಕಿಗಿಂತ ಮೊದಲು ಬ್ಲ್ಯಾಂಕ್ ನೋಡಿ. ಮಾದರಿಯ ಜೊತೆ ಅದೇ ಬಾಟಲಿ, ಅದೇ ಜೈಲೀನ್, ಅದೇ ಹಾದಿಯಲ್ಲಿ ಹೋದ ಖಾಲಿ ಮಾದರಿಯ ಅಂಕಿ ವರದಿಯಲ್ಲಿ ಇಲ್ಲದಿದ್ದರೆ ಪಿಪಿಬಿ ಮಟ್ಟದ ಯಾವ ಫಲಿತಾಂಶಕ್ಕೂ ಬೆಲೆಯಿಲ್ಲ. ಗೊತ್ತಿರುವಷ್ಟು ಲೋಹ ಸೇರಿಸಿ ಮರಳಿ ಎಷ್ಟು ಸಿಕ್ಕಿತು ಎಂಬುದು ಶೇ 80ರಿಂದ 120ರೊಳಗೆ ಇರಬೇಕು. ಉರುವಲು ಎಣ್ಣೆಗೆ ಅಮೆರಿಕದ ಎನ್‌ಐಎಸ್‌ಟಿಯ 1634ಸಿ ಮಾನಕದಲ್ಲಿ ವನೇಡಿಯಂ ಕಿಲೋಗೆ ಸುಮಾರು 28 ಮಿಲಿಗ್ರಾಂ, ನಿಕಲ್ ಸುಮಾರು 17.5, ಪ್ರಯೋಗಾಲಯಕ್ಕೆ ಅದರಲ್ಲಿ ಎಷ್ಟು ಬಂತು ಎಂದು ಕೇಳಿ. ಪೆಟ್‌ಕೋಕ್‌ಗಾದರೆ ಪ್ರತಿ ಲೋಡಿನ ಪುಡಿಮಾಡಿದ ಮಾದರಿಯಲ್ಲಿ ಅರ್ಧವನ್ನು ಮುದ್ರೆ ಹಾಕಿ ಕಾರ್ಖಾನೆಯಲ್ಲೇ ಇಟ್ಟುಕೊಳ್ಳಬೇಕು, ಚೀಟಿಯ ಮೇಲೆ ದಿನಾಂಕ, ಲೋಡಿನ ಸಂಖ್ಯೆಯ ಜೊತೆಗೆ ಯಾವ ಗಿರಣಿಯಲ್ಲಿ ಅರೆದದ್ದು ಎಂಬುದನ್ನೂ ಬರೆದು.